ಮಲಗಿದವನ ಉಸಿರಿಗೆ ಆಪ್ತರು ಯಾರು?

ಬೃಹದಾರಣ್ಯಕ ಉಪನಿಷತ್ತಿನ ಎರಡನೆಯ ಅಧ್ಯಾಯದಲ್ಲಿ ಬಾಲಾಕಿ ಎಂಬ ವಿದ್ವಾಂಸ ಕಾಶಿಯ ರಾಜ ಅಜಾತಶತ್ರುವಿನ ಬಳಿಗೆ ಬ್ರಹ್ಮವನ್ನು ಉಪದೇಶಿಸುತ್ತೇನೆಂದು ಬರುತ್ತಾನೆ. ಸೂರ್ಯನಲ್ಲಿರುವ ಪುರುಷ, ಚಂದ್ರನಲ್ಲಿರುವ ಪುರುಷ, ಮಿಂಚಿನಲ್ಲಿರುವ ಪುರುಷ ಎಂದು ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ರಾಜ ಒಂದೊಂದನ್ನೂ ಸಾಲದೆಂದು ಬದಿಗಿಡುತ್ತಾನೆ. ಬಾಲಾಕಿಯ ಸರಕು ಮುಗಿದ ಮೇಲೆ ರಾಜ ಅವನ ಕೈ ಹಿಡಿದು, ನಿದ್ರಿಸುತ್ತಿದ್ದ ಒಬ್ಬ ಮನುಷ್ಯನ ಹತ್ತಿರ ಕರೆದೊಯ್ಯುತ್ತಾನೆ. ದೊಡ್ಡ ದೊಡ್ಡ ಹೆಸರುಗಳಿಂದ ಕೂಗುತ್ತಾನೆ. ಮಲಗಿದವನು ಏಳುವುದಿಲ್ಲ. ಕೈಯಿಂದ ಅಲುಗಿಸಿದಾಗ ಏಳುತ್ತಾನೆ. ಆಗ ರಾಜ ಕೇಳುತ್ತಾನೆ: ಇವನು ಹೀಗೆ ಮಲಗಿದ್ದಾಗ ಇವನೊಳಗಿನ ಅರಿಯುವ ಪುರುಷ ಎಲ್ಲಿದ್ದ, ಈಗ ಎಲ್ಲಿಂದ ಬಂದ?

ಪ್ರಶ್ನೋಪನಿಷತ್ತು ಇದನ್ನೇ ಇನ್ನೊಂದು ಬಗೆಯಲ್ಲಿ ಕೇಳುತ್ತದೆ. ಪಿಪ್ಪಲಾದರ ಬಳಿ ಬಂದ ಆರು ಜನರಲ್ಲಿ ನಾಲ್ಕನೆಯವನಾದ ಗಾರ್ಗ್ಯ, ಮನುಷ್ಯ ಮಲಗಿದಾಗ ಅವನೊಳಗೆ ಮಲಗುವವರು ಯಾರು, ಎಚ್ಚರವಿರುವವರು ಯಾರು ಎನ್ನುತ್ತಾನೆ. ಕಣ್ಣು, ಕಿವಿ, ಮೂಗು, ನಾಲಗೆ ಎಲ್ಲವೂ ಮನಸ್ಸಿನಲ್ಲಿ ಒಂದಾದ ಮೇಲೆ ಈ ದೇಹವೆಂಬ ಪಟ್ಟಣದಲ್ಲಿ ಎಚ್ಚರವಿರುವುದು ಪ್ರಾಣಗಳೆಂಬ ಅಗ್ನಿಗಳು ಮಾತ್ರ ಎಂಬುದು ಗುರುವಿನ ಉತ್ತರ. ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯ ಜನಕನಿಗೆ ಹೇಳುವುದೂ ಹೀಗೆಯೇ. ಪುರುಷ ಕನಸಿನಲ್ಲಿ ಅಲೆಯಲು ಹೊರಟಾಗ ಕೆಳಗಿನ ಗೂಡನ್ನು ಪ್ರಾಣದ ಕಾವಲಿಗೆ ಒಪ್ಪಿಸಿ ಹೋಗುತ್ತಾನೆ. ಅಲ್ಲೇ ಒಂದು ಎಚ್ಚರಿಕೆಯೂ ಇದೆ: ಗಾಢವಾಗಿ ಮಲಗಿದವನನ್ನು ಥಟ್ಟನೆ ಎಬ್ಬಿಸಬಾರದು, ಪುರುಷ ಮರಳುವ ದಾರಿ ತಪ್ಪಿದರೆ ಅದಕ್ಕೆ ಚಿಕಿತ್ಸೆ ಕಷ್ಟ.

ಕಾವಲಿಗೆ ನಿಂತ ಪ್ರಾಣವೇ ರಾತ್ರಿ ಪದೇ ಪದೇ ಮುಗ್ಗರಿಸಿದರೆ ಏನು ಗತಿ? ಸ್ಲೀಪ್ ಆಪ್ನಿಯಾ ಇರುವ ಮನೆಗಳಲ್ಲಿ ಈ ಪ್ರಶ್ನೆ ವೇದಾಂತದ ಪಾಠವಾಗಿ ಉಳಿಯುವುದಿಲ್ಲ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಕ್ಷಣಕಾಲ ಎಚ್ಚರಗೊಳ್ಳುತ್ತದೆ, ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಲೆಕ್ಕ ಹಾಕುತ್ತಾರೆ. ಪೂರ್ತಿ ನಿಲ್ಲದೆ ಉಸಿರು ಸಣ್ಣಗಾದ ಸಲಗಳನ್ನೂ ಸೇರಿಸಿ ಗಂಟೆಗೆ 5ರಿಂದ 15 ಸಲ ಹೀಗಾದರೆ ಸೌಮ್ಯ, 30 ದಾಟಿದರೆ ತೀವ್ರ. ಮೂವತ್ತೆಂದರೆ ಎರಡು ನಿಮಿಷಕ್ಕೊಮ್ಮೆ. 2019ರಲ್ಲಿ ಲ್ಯಾನ್ಸೆಟ್ ಬಳಗದ ಶ್ವಾಸಕೋಶ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವಯಸ್ಸಿನ 93.6 ಕೋಟಿ ಜನರಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿದೆ.

ಇಷ್ಟಾದರೂ ಬೆಳಿಗ್ಗೆ ಎದ್ದವನು ಚೆನ್ನಾಗಿ ನಿದ್ದೆ ಬಂತು ಎನ್ನುತ್ತಾನೆ. ಇಲ್ಲಿ ಭಾರತೀಯ ದರ್ಶನಗಳ ಹಳೆಯ ಜಗಳವೊಂದು ನೆನಪಾಗದಿರದು. ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎಂದು ಎದ್ದವನು ಹೇಳುತ್ತಾನಲ್ಲ, ಅದು ನೆನಪು. ನೆನಪಿರಬೇಕಾದರೆ ಅನುಭವ ಆಗಿರಲೇಬೇಕು. ಆದ್ದರಿಂದ ಗಾಢನಿದ್ರೆಯಲ್ಲೂ ಸಾಕ್ಷಿಚೈತನ್ಯ ಇದ್ದೇ ಇರುತ್ತದೆ ಎಂಬುದು ಅದ್ವೈತಿಗಳ ವಾದ. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪುವುದಿಲ್ಲ. ಅದು ನೆನಪಲ್ಲ, ಎದ್ದ ಮೇಲೆ ಮೈಮನಸ್ಸಿನ ಹಗುರ ನೋಡಿ ಮಾಡಿಕೊಂಡ ಊಹೆ ಎನ್ನುತ್ತಾರೆ. ಆಪ್ನಿಯಾ ಇರುವವನ ಬೆಳಗಿನ ಮಾತನ್ನು ಕೇಳಿದರೆ ಈ ಒಂದು ವಿಷಯದಲ್ಲಿ ನೈಯಾಯಿಕರ ಕಡೆಗೇ ಮನಸ್ಸು ವಾಲುತ್ತದೆ. ಇದರಿಂದ ಅದ್ವೈತದ ಸಾಕ್ಷಿ ಸುಳ್ಳಾಯಿತೆಂದಲ್ಲ, ಆ ಸಾಕ್ಷಿ ಉಸಿರೆಣಿಸುವ ಕೆಲಸ ಒಪ್ಪಿಕೊಂಡದ್ದೇ ಅಲ್ಲ. ಉಸಿರು ನಿಂತದ್ದನ್ನು ನಿಜವಾಗಿ ಕಂಡವಳು ಪಕ್ಕದಲ್ಲಿ ಮಲಗಿದ ಹೆಂಡತಿ. ಗೊರಕೆ ಹಠಾತ್ತನೆ ನಿಂತಾಗ ಎದ್ದು ಕೂತು, ಗಂಡನ ಎದೆಯ ಮೇಲೆ ಕೈಯಿಟ್ಟು, ಮತ್ತೆ ಉಸಿರು ಬರುವವರೆಗೆ ಕಾಯುವವಳು ಅವಳು. ಗೊರಕೆಯೆಂದರೆ ಗಡದ್ದಾದ ನಿದ್ದೆ, ಕುಂಭಕರ್ಣನ ವಂಶ ಎಂದು ನಕ್ಕು ಮರೆಯುವ ಮನೆಗಳಲ್ಲಿ ಅವಳ ಮಾತಿಗೆ ಬೆಲೆ ಸಿಗುವುದು ವರ್ಷಗಳ ಮೇಲೆ, ಬಿಪಿ ಏರಿದಾಗ, ಗಾಡಿ ಓಡಿಸುವಾಗ ಕಣ್ಣು ಮುಚ್ಚಿದಾಗ.

ತನ್ನ ನಿದ್ದೆಯ ಬಗ್ಗೆ ತಾನೇ ಸಾಕ್ಷಿಯಾಗಲಾರದವನು ಪರರ ಮಾತನ್ನು ನಂಬಲೇಬೇಕು. ಪರೀಕ್ಷೆ ಮಾಡಿದ ವೈದ್ಯರ ಮಾತು, ಯಂತ್ರ ಕೊಡುವವನ ಮಾತು, ಯಂತ್ರದ ಪರದೆಯ ಮೇಲೆ ಮೂಡುವ ಅಂಕಿಯ ಮಾತು. ಉಸಿರಿನ ದಾರಿ ಮುಚ್ಚದಂತೆ ಗಾಳಿ ಹಾಯಿಸುವ, ಮನೆಯಲ್ಲಿಟ್ಟುಕೊಂಡು ರಾತ್ರಿಯಿಡೀ ಬಳಸುವ ಸಿಪ್ಯಾಪ್ ಯಂತ್ರವನ್ನು ಯಾರಿಂದ ಕೊಳ್ಳಬೇಕು ಎಂಬುದು ಹೊರನೋಟಕ್ಕೆ ವ್ಯಾಪಾರದ ಮಾತು. ಒಳಹೊಕ್ಕರೆ ನ್ಯಾಯಶಾಸ್ತ್ರ ಸುಮಾರು ಎರಡು ಸಾವಿರ ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಯೇ ಅದು: ಯಾರ ಮಾತು ಪ್ರಮಾಣ?

ಗೌತಮನ ನ್ಯಾಯಸೂತ್ರ ಆಪ್ತನ ಉಪದೇಶವೇ ಶಬ್ದಪ್ರಮಾಣ ಎನ್ನುತ್ತದೆ. ಆಪ್ತನೆಂದರೆ ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಟ್ಟ ಉತ್ತರ ಇಂದಿಗೂ ಬೆರಗು ಹುಟ್ಟಿಸುವಷ್ಟು ವಿಶಾಲವಾದದ್ದು. ವಿಷಯವನ್ನು ನೇರವಾಗಿ ಕಂಡವನು, ಕಂಡದ್ದನ್ನು ಕಂಡಂತೆ ಹೇಳಬೇಕೆಂಬ ಇಚ್ಛೆಯಿಂದ ಹೇಳುವವನು ಆಪ್ತ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನ. ಕುಲ, ಹೆಸರು, ಪೀಠ ಯಾವುದೂ ಲಕ್ಷಣದೊಳಗೆ ಬರುವುದಿಲ್ಲ. ಮುಂದೆ ವೇದ ಏಕೆ ಪ್ರಮಾಣ ಎಂಬ ಚರ್ಚೆಯಲ್ಲಿ ಸೂತ್ರಕಾರ ಉದಾಹರಣೆಗೆ ತೆಗೆದುಕೊಳ್ಳುವುದು ಆಯುರ್ವೇದವನ್ನೇ. ಔಷಧಿಯ ಮಾತು ನಿಜವಾಗುವುದನ್ನು ಜನ ಕಂಡಿದ್ದಾರೆ, ಆ ನಿಜ ಬಂದದ್ದು ಹೇಳಿದವರ ಆಪ್ತತೆಯಿಂದ ಎಂದು. ಅಲ್ಲಿ ವಾತ್ಸ್ಯಾಯನ ಇನ್ನೊಂದು ಗುಣವನ್ನು ಸೇರಿಸುತ್ತಾನೆ: ಭೂತದಯೆ. ಕಂಡಿರಬೇಕು, ಇದ್ದದ್ದನ್ನು ಇದ್ದಂತೆ ಹೇಳುವ ಮನಸ್ಸಿರಬೇಕು, ಕೇಳುವ ಜೀವದ ಮೇಲೆ ಕರುಣೆಯೂ ಇರಬೇಕು. ಸಿಪ್ಯಾಪ್ ಡೀಲರನನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಈಗಿನ ಗ್ರಾಹಕ ಕೈಪಿಡಿಗಳಲ್ಲೂ ಸಿಗುವುದು ಕಷ್ಟ.

ನೇರವಾಗಿ ಕಂಡವನು ಎಂದರೇನೆಂದು ತಿಳಿಯಲು ಈ ಯಂತ್ರ ಹುಟ್ಟಿದ ಕತೆಯೇ ಸಾಕು. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ 1980ರಲ್ಲಿ ಸಿಡ್ನಿಯಲ್ಲಿ ಇದನ್ನು ಮೊದಲ ಬಾರಿಗೆ ರೋಗಿಯೊಬ್ಬನ ಮೇಲೆ ಪ್ರಯೋಗಿಸಿದರು. ಆಗ ತೀವ್ರ ಆಪ್ನಿಯಾಕ್ಕೆ ಇದ್ದ ದಾರಿ ಗಂಟಲಿಗೆ ತೂತು ಕೊರೆದು ಕೊಳವೆ ಇಡುವುದು. ಅದು ಬೇಡವೆಂದ ರೋಗಿ ಈ ಹೊಸ ಪ್ರಯೋಗಕ್ಕೆ ಒಪ್ಪಿದ. ಮೋಟಾರಿನಿಂದ ಬರುವ ಗಾಳಿಯನ್ನು ಸಣ್ಣ ಒತ್ತಡದಲ್ಲಿ ಮೂಗಿಗೆ ಹಾಯಿಸಿದರೆ ಆ ಗಾಳಿಯೇ ಗಂಟಲನ್ನು ಒಳಗಿನಿಂದ ತೆರೆದಿಡುತ್ತದೆ ಎಂಬುದು ಸಲಿವನ್ನರ ಊಹೆ. ಅದು ನಿಜವಾಯಿತು. 1981ರ ಏಪ್ರಿಲ್‌ನಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅವರ ಪ್ರಬಂಧದಲ್ಲಿದ್ದದ್ದು ಐದೇ ರೋಗಿಗಳ ಕತೆ. ಆ ಮೊದಲ ವರ್ಷಗಳಲ್ಲಿ ಪ್ರತಿಯೊಬ್ಬರ ಮುಖದ ಅಚ್ಚು ತೆಗೆದು ಮಾಸ್ಕ್ ಮಾಡಬೇಕಿತ್ತು, ರಾತ್ರಿ ಅದನ್ನು ಅಂಟು ಹಚ್ಚಿ ಕೂರಿಸಬೇಕಿತ್ತು. ಗಾಳಿ ಕೊಡುವ ಯಂತ್ರಕ್ಕಿಂತ ಮುಖಕ್ಕೆ ಹೊಂದುವ ಮಾಸ್ಕ್ ಮಾಡುವುದೇ ದೊಡ್ಡ ಸವಾಲಾಗಿತ್ತು. ನಲವತ್ತು ವರ್ಷ ದಾಟಿದರೂ ಸವಾಲು ಅಲ್ಲೇ ಇದೆ.

ಯಂತ್ರ ಪೆಟ್ಟಿಗೆಯಲ್ಲಿ ಬರುತ್ತದೆ, ಯಾರು ಬೇಕಾದರೂ ತಂದುಕೊಡಬಲ್ಲರು. ಮಾಸ್ಕ್ ಹಾಗಲ್ಲ. ತಿಳಿದ ಡೀಲರ್ ರೋಗಿಯನ್ನು ಕುರ್ಚಿಯ ಮೇಲೆ ಕೂರಿಸಿ ಮಾಸ್ಕ್ ಹಾಕಿ ಕಳಿಸುವುದಿಲ್ಲ. ಮಲಗಿಸುತ್ತಾನೆ, ಏಕೆಂದರೆ ಮಲಗಿದಾಗ ಕೆನ್ನೆಯ ಮಾಂಸ ಸರಿದು ಮುಖದ ಆಕಾರವೇ ಬದಲಾಗುತ್ತದೆ. ಗಾಳಿ ಬಿಟ್ಟು, ಮಗ್ಗುಲು ಹೊರಳಿಸಿ, ಕಣ್ಣಿನ ಕಡೆಗೆ ಗಾಳಿ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡುತ್ತಾನೆ. ಹುರಿ ಮೀಸೆಯವರಿಗೆ ಮೂಗು ಮುಚ್ಚುವ ಮಾಸ್ಕ್ ತುಟಿಯ ಮೇಲೆ ಕೂರುವುದಿಲ್ಲವೆಂದು ಮೂಗಿನ ಹೊಳ್ಳೆಗೆ ಮಾತ್ರ ಒತ್ತುವ ಬಗೆಯದನ್ನು ತೋರಿಸುತ್ತಾನೆ. ಅಜ್ಜಿಯ ಮೂಗುಬೊಟ್ಟಿನ ಕೆಳಗೆ ಸಿಲಿಕೋನ್ ಎದ್ದು ನಿಂತದ್ದು ಅವನ ಕಣ್ಣಿಗೆ ಬೀಳುತ್ತದೆ. ಬಾಯಿ ತೆರೆದು ಮಲಗುತ್ತಾರೆಯೇ ಎಂದು ಅಜ್ಜಿಯನ್ನಲ್ಲ, ಅವರ ಮಗಳನ್ನು ಕೇಳುತ್ತಾನೆ. ಬೋರ್‌ವೆಲ್ ನೀರು ಹಾಕಿದರೆ ಹ್ಯುಮಿಡಿಫೈಯರ್ ತೊಟ್ಟಿಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಡಿಸ್ಟಿಲ್ಡ್ ವಾಟರ್ ತನ್ನಿ ಎನ್ನುತ್ತಾನೆ. ಮನೆಯಲ್ಲಿ ಯುಪಿಎಸ್ ಇದೆಯೇ, ಬೇಸಿಗೆಯಲ್ಲಿ ರಾತ್ರಿ ಎಷ್ಟು ಹೊತ್ತು ಕರೆಂಟ್ ಹೋಗುತ್ತದೆ ಎಂದು ವಿಚಾರಿಸುತ್ತಾನೆ. ಇದೆಲ್ಲ ಪುಸ್ತಕ ಓದಿ ಬರುವ ತಿಳಿವಳಿಕೆಯಲ್ಲ. ನೂರಾರು ಮುಖಗಳನ್ನು ನೋಡಿದವನಿಗೆ ಬರುವಂಥದ್ದು. ಸಾಕ್ಷಾತ್ಕಾರ ಎಂಬ ದೊಡ್ಡ ಮಾತನ್ನು ಇಲ್ಲಿ ಬಳಸಲು ಹಿಂಜರಿಯಬೇಕಿಲ್ಲ, ವಾತ್ಸ್ಯಾಯನ ಅದನ್ನು ಋಷಿಗಳಿಗೇ ಮೀಸಲಿಟ್ಟಿರಲಿಲ್ಲ.

ಈ ಮಾಸ್ಕ್ ಯಾಕೆ, ಪ್ರಾಣಾಯಾಮ ಮಾಡಿದರೆ ಸಾಲದೇ ಎಂಬ ಮಾತು ಕರ್ನಾಟಕದ ಮನೆಗಳಲ್ಲಿ ಏಳದೆ ಇರುವುದಿಲ್ಲ. ಪ್ರಶ್ನೆಯನ್ನು ತಳ್ಳಿಹಾಕಬೇಕಿಲ್ಲ, ಅದರಲ್ಲಿ ಶ್ರದ್ಧೆಯಿದೆ. ಪ್ರಾಣಾಯಾಮ ಎಚ್ಚರದಲ್ಲಿ ಸಂಕಲ್ಪಪೂರ್ವಕವಾಗಿ ಮಾಡುವ ಸಾಧನೆ. ಕುಂಭಕದಲ್ಲಿ ಉಸಿರು ನಿಲ್ಲಿಸುವವನು ಸಾಧಕ. ಆಪ್ನಿಯಾದಲ್ಲಿ ಉಸಿರು ನಿಲ್ಲುವಾಗ ನಿಲ್ಲಿಸುವವನು ಯಾರೂ ಇಲ್ಲ. ಪತಂಜಲಿ ನಿದ್ರೆಯನ್ನು ಚಿತ್ತದ ಐದು ವೃತ್ತಿಗಳಲ್ಲಿ ಒಂದೆಂದು ಎಣಿಸಿದ್ದಾನೆ, ಆದರೆ ಆ ವೃತ್ತಿಯ ಹೊತ್ತಿನಲ್ಲಿ ಅಭ್ಯಾಸಕ್ಕೆ ಕೂರುವವರಿಲ್ಲ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಗಂಟಲಿನ ವ್ಯಾಯಾಮ ಇವೆಲ್ಲ ನೆರವಾಗಬಹುದು. ತೀವ್ರ ಆಪ್ನಿಯಾ ಇರುವವರನ್ನು ಅಷ್ಟಕ್ಕೇ ಬಿಟ್ಟುಬಿಡುವುದು ತಪ್ಪು. ಗೂಡಿನ ಕಾವಲನ್ನು ರಾತ್ರಿಯ ಮಟ್ಟಿಗೆ ಯಂತ್ರಕ್ಕೆ ವಹಿಸಿದರೆ ಪ್ರಾಣದ ಮಹಿಮೆ ಕುಂದುವುದಿಲ್ಲ.

ಹಾಗೆ ವಹಿಸುವಾಗ ನಡುವೆ ನಿಂತವನ ಮನಸ್ಸು ಹೇಗಿದೆ ಎಂಬುದು ಮುಖ್ಯ. ಚರಕಸಂಹಿತೆಯ ಸೂತ್ರಸ್ಥಾನದ 29ನೆಯ ಅಧ್ಯಾಯ ವೈದ್ಯರನ್ನು ಎರಡು ಪಂಗಡ ಮಾಡುತ್ತದೆ: ಪ್ರಾಣವನ್ನು ಮರಳಿಸುವ ಪ್ರಾಣಾಭಿಸರರು, ರೋಗವನ್ನೇ ಬೆಳೆಸುವ ರೋಗಾಭಿಸರರು. ಎರಡನೆಯವರ ವರ್ಣನೆಯನ್ನು ಓದಿದರೆ ಇಂದಿನ ಪೇಟೆಯೇ ಕಣ್ಣೆದುರು ಬರುತ್ತದೆ. ವೇಷ ಹಾಕಿಕೊಂಡು ತಿರುಗುತ್ತಾರೆ. ಯಾರಿಗೋ ಕಾಯಿಲೆಯೆಂದು ಕಿವಿಗೆ ಬಿದ್ದೊಡನೆ ಆ ಮನೆಯ ಸುತ್ತ ಸುಳಿಯುತ್ತಾರೆ. ಕೇಳಿಸುವಂತೆ ತಮ್ಮ ಗುಣಗಾನ ಮಾಡಿಕೊಳ್ಳುತ್ತಾರೆ, ಈಗ ನೋಡುತ್ತಿರುವ ವೈದ್ಯನ ತಪ್ಪು ಎಣಿಸುತ್ತಾರೆ, ರೋಗಿಯ ಗೆಳೆಯರನ್ನು ಒಲಿಸಿಕೊಳ್ಳುತ್ತಾರೆ. ತಮಗೆ ಹೆಚ್ಚೇನೂ ಬೇಡವೆಂದೂ ಹೇಳುತ್ತಾರೆ.

ಈಗಿನ ರೂಪ ಹೀಗಿರುತ್ತದೆ. ಯಂತ್ರ ಮಾರುವವರೇ ಮನೆಗೆ ಬಂದು ನಿದ್ರೆಯ ಪರೀಕ್ಷೆಯನ್ನು ಪುಕ್ಕಟೆ ಮಾಡುತ್ತಾರೆ. ಬೆಳಿಗ್ಗೆ ವರದಿ ಓದುವವರೂ ಅವರೇ, ಯಂತ್ರ ಬೇಕು ಎನ್ನುವವರೂ ಅವರೇ, ಯಾವ ಮಾಡೆಲ್ ಎಂದು ತೀರ್ಮಾನಿಸುವವರೂ ಅವರೇ. ಪರೀಕ್ಷೆಯ ಉಪಕರಣದಲ್ಲಿ ದೋಷವಿರಲಾರದು, ಬಂದ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಸಾಕ್ಷಿ ಹೇಳುವವನಿಗೇ ತೀರ್ಪಿನಲ್ಲಿ ಪಾಲಿದ್ದರೆ ಆ ಸಾಕ್ಷ್ಯ ನಿಲ್ಲದು. ಮಾರಾಟದಲ್ಲಿ ಕಮಿಷನ್ ಇಲ್ಲದ ವೈದ್ಯರೊಬ್ಬರು ಆ ವರದಿಯನ್ನು ನೋಡಲೇಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಾರ್ವಜನಿಕ ಸಂಸ್ಥೆಗಳಲ್ಲಿ ನಿದ್ರೆಯ ಅಧ್ಯಯನಕ್ಕೆ ವ್ಯವಸ್ಥೆಯಿದೆ. ಅಲ್ಲಿಯವರೆಗೆ ಹೋಗಲಾಗದವರು ಊರಿನ ಶ್ವಾಸಕೋಶ ತಜ್ಞರಿಗೋ ಕಿವಿ-ಮೂಗು-ಗಂಟಲು ತಜ್ಞರಿಗೋ ತೋರಿಸಬಹುದು. ಒತ್ತಡ ಎಷ್ಟು, ಎಂಥ ಯಂತ್ರ ಎಂಬುದು ವೈದ್ಯರ ಚೀಟಿಯಲ್ಲಿ ಬರಬೇಕು, ಡೀಲರನ ಕೊಟೇಶನ್ನಿನಲ್ಲಿ ಅಲ್ಲ.

ಭೂತದಯೆಗೆ ಕನ್ನಡದವರು ಬೇರೆ ಉದಾಹರಣೆ ಹುಡುಕಬೇಕಿಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಶರಣ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಒಯ್ದು ಸುರಿದು ಬರುವಂತೆ ಕಳಿಸಿದಳು. ಶರಣರ ಕಾಯಕದಲ್ಲಿ ದುಡಿಮೆ ಎಷ್ಟು ಮುಖ್ಯವೋ ಬೇಡವೆನ್ನುವುದೂ ಅಷ್ಟೇ ಮುಖ್ಯ. ಸಿಪ್ಯಾಪ್ ಸಾಕಾಗುವವನಿಗೆ ಅದೇ ಜಾತಿಯ ದುಬಾರಿ ಬೈಪ್ಯಾಪ್ ಯಂತ್ರ ತೋರಿಸದವನು, ಮೊದಲು ಕೆಲವು ವಾರ ಬಾಡಿಗೆಗೆ ಒಯ್ದು ನೋಡಿ ಎನ್ನುವವನು, ಓಜೋನ್ ಬಿಟ್ಟು ಯಂತ್ರ ಶುಚಿಮಾಡುವ ಪೆಟ್ಟಿಗೆ ಬೇಡ, ಸೋಪು ನೀರು ಸಾಕು ಎನ್ನುವವನು ಲಕ್ಕಮ್ಮನ ಕಡೆಯವನು. ಓಜೋನ್ ಪೆಟ್ಟಿಗೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಉಳಿದದ್ದು ಇದ್ದದ್ದನ್ನು ಇದ್ದಂತೆ ಹೇಳುವ ಇಚ್ಛೆ. ಆಪ್ತನ ಮೂರು ಗುಣಗಳಲ್ಲಿ ಇದೇ ಹೆಚ್ಚು ಕಠಿಣ. ಇದಿಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಈ ಉದ್ಯಮದಲ್ಲೇ ದೊಡ್ಡದೊಂದು ನಿದರ್ಶನವಿದೆ.

2021ರ ಜೂನ್ 14ರಂದು ನೆದರ್ಲೆಂಡ್ಸ್ ಮೂಲದ ಫಿಲಿಪ್ಸ್ ಕಂಪನಿ ತನ್ನ ಸಿಪ್ಯಾಪ್, ಬೈಪ್ಯಾಪ್ ಮತ್ತು ವೆಂಟಿಲೇಟರ್ ಯಂತ್ರಗಳಲ್ಲಿ ಹಲವನ್ನು ವಾಪಸು ಕರೆಯಿತು. ಜಗತ್ತಿನಾದ್ಯಂತ ಸುಮಾರು 55 ಲಕ್ಷ ಯಂತ್ರಗಳು. ಮೋಟಾರಿನ ಸದ್ದು ತಗ್ಗಿಸಲು ಒಳಗೆ ಇಟ್ಟಿದ್ದ ಪಾಲಿಯೂರಿಥೇನ್ ಫೋಮ್ ಕಾಲಕ್ರಮದಲ್ಲಿ ಶಿಥಿಲವಾಗಿ ಕರಿ ಪುಡಿಯಾಗಿ ಉದುರಬಹುದು, ಅದರಿಂದ ಅನಿಲಗಳೂ ಹೊಮ್ಮಬಹುದು, ಎರಡೂ ನೇರವಾಗಿ ಮಲಗಿದವನ ಉಸಿರಿಗೆ ಸೇರಬಹುದು ಎಂಬುದು ಕಾರಣ. ಎಫ್‌ಡಿಎ ಇದನ್ನು ಅತಿ ಗಂಭೀರವಾದ ಒಂದನೆಯ ದರ್ಜೆಯ ವಾಪಸಾತಿ ಎಂದು ಗುರುತಿಸಿತು. ರಾತ್ರಿಯ ಸದ್ದು ಕಡಿಮೆಯಾಗಲಿ, ಪಕ್ಕದವರ ನಿದ್ದೆ ಕೆಡದಿರಲಿ ಎಂದು ಇಟ್ಟ ವಸ್ತು ಅದು.

ವಸ್ತು ಕೆಡುವುದು ಅಪರಾಧವಲ್ಲ. ಪ್ರಶ್ನೆ ಇರುವುದು ಯಾವಾಗ ಗೊತ್ತಾಯಿತು, ಯಾವಾಗ ಹೇಳಿದರು ಎಂಬಲ್ಲಿ. ಎಫ್‌ಡಿಎ ತನಿಖಾಧಿಕಾರಿಗಳು 2021ರಲ್ಲೇ ಪೆನ್ಸಿಲ್ವೇನಿಯಾದ ಕಾರ್ಖಾನೆಯ ಕಡತಗಳನ್ನು ತೆರೆದು ನೋಡಿದಾಗ, ಫೋಮ್ ಶಿಥಿಲವಾಗುವ ಸಂಗತಿ ಕಂಪನಿಯ ಗಮನಕ್ಕೆ ಬಂದಿದ್ದ ಕನಿಷ್ಠ 14 ಸಂದರ್ಭಗಳು 2016ರಿಂದಲೇ ದಾಖಲಾಗಿದ್ದವು. 2023ರಲ್ಲಿ ಪ್ರೊಪಬ್ಲಿಕಾ ಮತ್ತು ಪಿಟ್ಸ್‌ಬರ್ಗ್ ಪೋಸ್ಟ್-ಗೆಜೆಟ್ ಪತ್ರಕರ್ತರು, 11 ವರ್ಷಗಳ ಅವಧಿಯಲ್ಲಿ 3,700ಕ್ಕೂ ಹೆಚ್ಚು ದೂರುಗಳು ಸರಕಾರಕ್ಕೆ ತಲುಪದೆ ಉಳಿದಿದ್ದವೆಂದು ಬರೆದರು. ಮುಂದೆ ನಡೆಸಿದ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಹಾನಿಯ ಸಂಭವ ಕಾಣಲಿಲ್ಲವೆಂದು ಕಂಪನಿ ಹೇಳಿತು. ಆ ಪರೀಕ್ಷೆಗಳು ಸಾಲವು ಎಂದು ಎಫ್‌ಡಿಎ ಹೇಳಿತು. 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯದ ಒಪ್ಪಂದದಡಿ ಕಂಪನಿಯ ಮೇಲೆ ಕಟ್ಟುನಿಟ್ಟಿನ ಷರತ್ತುಗಳನ್ನು ವಿಧಿಸಲಾಯಿತು. ಅದೇ ತಿಂಗಳು, ಹೊಣೆ ಒಪ್ಪಿಕೊಳ್ಳದೆಯೇ, ದಾವೆ ಹೂಡಿದವರೊಡನೆ 110 ಕೋಟಿ ಡಾಲರ್‌ಗೆ ರಾಜಿಯಾಯಿತು.

ಈ ವರ್ಷಗಳುದ್ದಕ್ಕೂ ರೋಗಿಗಳು ಸಿಕ್ಕಿಕೊಂಡ ಇಕ್ಕಟ್ಟು ಮಾತ್ರ ಎಲ್ಲ ಅಂಕಿಗಳಿಗಿಂತ ದೊಡ್ಡದು. ಯಂತ್ರ ಹಾಕಿಕೊಂಡರೆ ಫೋಮ್‌ನ ಭಯ, ತೆಗೆದರೆ ಉಸಿರು ನಿಲ್ಲುವ ಭಯ. ಬದಲಿ ಯಂತ್ರಕ್ಕಾಗಿ ಕೆಲವರು ವರ್ಷಕ್ಕೂ ಹೆಚ್ಚು ಕಾದರು. ಬದಲಿ ಸಿಗಬೇಕಾದರೆ ಸೀರಿಯಲ್ ನಂಬರ್ ಕೊಟ್ಟು ನೋಂದಾಯಿಸಬೇಕಿತ್ತು. ತಾನು ಮಾರಿದ ಪ್ರತಿ ಯಂತ್ರದ ನಂಬರನ್ನೂ ಕೊಂಡವರ ಫೋನ್ ನಂಬರನ್ನೂ ಬರೆದಿಟ್ಟುಕೊಂಡ ಡೀಲರ್ ಇಂಥ ಹೊತ್ತಿನಲ್ಲಿ ಫೋನ್ ಮಾಡಬಲ್ಲ. ಬಿಲ್ಲಿಲ್ಲದೆ, ಯಾವುದೋ ಕೈ ದಾಟಿ ಬಂದ ಯಂತ್ರ ಕೊಂಡವನಿಗೆ ಫೋನ್ ಮಾಡುವವರು ಯಾರೂ ಇರುವುದಿಲ್ಲ.

ಹೆಸರುವಾಸಿ ಕಂಪನಿ ಎಂದರೆ ಸಾಕಲ್ಲವೇ ಎನ್ನುವವರಿಗೆ ಮೀಮಾಂಸಕರಿಗೂ ನೈಯಾಯಿಕರಿಗೂ ನಡುವಿನ ಹಳೆಯ ವಾದವೊಂದು ಉಪಯೋಗಕ್ಕೆ ಬರುತ್ತದೆ. ಜ್ಞಾನ ತನ್ನಷ್ಟಕ್ಕೇ ಪ್ರಮಾಣ. ಅದನ್ನು ಬಾಧಿಸುವ ಇನ್ನೊಂದು ಜ್ಞಾನ ಬರುವವರೆಗೆ, ಅಥವಾ ಮೂಲದಲ್ಲಿ ದೋಷ ಕಾಣುವವರೆಗೆ ನಂಬಬೇಕು ಎನ್ನುತ್ತಾನೆ ಮೀಮಾಂಸಕ ಕುಮಾರಿಲ. ಇಲ್ಲ, ಪ್ರಾಮಾಣ್ಯ ಹೊರಗಿನಿಂದ, ಅಂದರೆ ನಡೆದು ನೋಡಿ ಫಲ ಸಿಕ್ಕಾಗ ತಿಳಿಯುತ್ತದೆ ಎನ್ನುತ್ತದೆ ನ್ಯಾಯ. ದಿನನಿತ್ಯದ ಬದುಕು ಕುಮಾರಿಲನ ದಾರಿಯಲ್ಲೇ ಸಾಗುತ್ತದೆ, ಹಾಲಿನವನನ್ನೂ ಬಸ್ಸಿನ ಡ್ರೈವರನನ್ನೂ ಪರೀಕ್ಷಿಸಿ ನಂಬುವವರು ಇಲ್ಲ. ಆದರೆ ಮೀಮಾಂಸಕರೂ ಈ ನಿಶ್ಚಿಂತೆಯನ್ನು ಪೂರ್ತಿಯಾಗಿ ಕೊಟ್ಟದ್ದು ಕರ್ತೃವೇ ಇಲ್ಲದ ವೇದಕ್ಕೆ. ಮನುಷ್ಯರ ಮಾತಿನಲ್ಲಿ ಆಡಿದವರ ದೋಷ ಸೇರಬಹುದೆಂದು ಅವರೇ ಹೇಳಿದ್ದಾರೆ. ಉಸಿರಿನ ಯಂತ್ರದ ವಿಷಯದಲ್ಲಿ ನ್ಯಾಯದ ದಾರಿಯೇ ಸರಿ. ಬಳಸುವವನು ಮಲಗಿರುತ್ತಾನೆ, ಬಾಧಕಜ್ಞಾನ ಅವನಿಗೆ ಹೊತ್ತಿಗೆ ಸರಿಯಾಗಿ ಬರುವುದೇ ಇಲ್ಲ. ಕಂಪನಿಯ ಹೆಸರಿಗೆ ಅದರದೇ ಬೆಲೆಯಿದೆ, ಆದರೆ ಅದು ಪರೀಕ್ಷೆಯ ಜಾಗದಲ್ಲಿ ಕೂರಲಾರದು.

ಪರೀಕ್ಷೆಗೆ ದಾರಿಯೂ ಇದೆ. ರಾತ್ರಿ ಎಷ್ಟು ಗಂಟೆ ಬಳಸಿದರು, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು, ಮಾಸ್ಕಿನಿಂದ ಎಷ್ಟು ಗಾಳಿ ಸೋರಿತು ಎಂಬುದನ್ನು ಈಗಿನ ಯಂತ್ರಗಳು ಕಾರ್ಡಿನಲ್ಲೋ ಮೊಬೈಲ್ ಆಪ್‌ನಲ್ಲೋ ದಾಖಲಿಸುತ್ತವೆ. ಗಂಟೆಗೆ ಐದಕ್ಕಿಂತ ಕಡಿಮೆ ಎಂಬ ಅಂಕಿ ವಾರಗಟ್ಟಲೆ ಬಂದರೆ ಚಿಕಿತ್ಸೆ ನಡೆಯುತ್ತಿದೆ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಸೋರಿಕೆ ಹೆಚ್ಚಿದ್ದರೆ ಆ ಅಂಕಿಯನ್ನೂ ನಂಬುವಂತಿಲ್ಲ. ಪರದೆಯ ಮೇಲಿನ ಅಂಕಿ ಅಪೌರುಷೇಯವಲ್ಲ. ಅದರ ಹಿಂದೆ ತಯಾರಕರು ಬರೆದ ಲೆಕ್ಕದ ಕ್ರಮವಿದೆ, ಕಂಪನಿಯಿಂದ ಕಂಪನಿಗೆ ಆ ಲೆಕ್ಕ ಬೇರೆಯಾಗುತ್ತದೆ. ಅದಕ್ಕೇ ಆಪ್ತನಾದ ಡೀಲರ್ ಕಾರ್ಡನ್ನು ಓದಿ ಅಂಕಿ ಹೇಳಿ ಬಿಡುವುದಿಲ್ಲ. ಹಗಲು ತೂಕಡಿಕೆ ಹೇಗಿದೆ, ಬೆಳಿಗ್ಗೆ ತಲೆನೋವು ಇದೆಯೇ, ಮನೆಯವರು ಏನೆನ್ನುತ್ತಾರೆ ಎಂದು ಕೇಳಿ, ವರದಿಯನ್ನು ವೈದ್ಯರಿಗೆ ಕಳಿಸುತ್ತಾನೆ. ಪ್ರತ್ಯಕ್ಷ, ಅನುಮಾನ, ಶಬ್ದ ಮೂರೂ ಒಂದನ್ನೊಂದು ತಿದ್ದಬೇಕು.

ಕೊಳ್ಳುವ ದಿನವೇ ಕಣ್ಣಾರೆ ನೋಡಬಹುದಾದದ್ದೂ ಇದೆ. ಯಂತ್ರದ ಮಾಹಿತಿ ಪಟ್ಟಿಯೊಳಗೆ ಮೋಟಾರ್ ಇದುವರೆಗೆ ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಬಹಳಷ್ಟು ಮಾಡೆಲ್‌ಗಳಲ್ಲಿ ಸಿಗುತ್ತದೆ. ಹೊಸದೆಂದು ಹೇಳಿದ ಯಂತ್ರದಲ್ಲಿ ಅಲ್ಲಿ ನೂರಾರು ಗಂಟೆ ಕಂಡರೆ ಮುಂದಿನ ಮಾತು ಬೇಕಿಲ್ಲ. ಫಿಲ್ಟರಿನ ಮುಚ್ಚಳ ತೆಗೆದರೆ ಫಿಲ್ಟರ್ ಶುಚಿಯಾಗಿರಬೇಕು. ಧೂಳು ಮೆತ್ತಿಕೊಂಡಿದ್ದರೆ ಅದು ಇನ್ನೊಂದು ಮನೆಯ ಫ್ಯಾನಿನ ಕೆಳಗೆ ಮಲಗಿ ಬಂದ ಯಂತ್ರ. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್, ಯಂತ್ರದ ತಳದ ನಂಬರ್, ಬಿಲ್ಲಿನಲ್ಲಿ ಬರೆದ ನಂಬರ್ ಮೂರೂ ಒಂದೇ ಇರಬೇಕು. ವಿದೇಶದಿಂದ ಬಂದ ಯಂತ್ರವಾದರೆ ಲೇಬಲ್ ಮೇಲೆ ಆಮದುದಾರರ ಹೆಸರು, ವಿಳಾಸ, ಆಮದು ಲೈಸೆನ್ಸ್ ನಂಬರ್ ಇರಬೇಕು. ಅಮೆರಿಕದಲ್ಲಿರುವ ಮಗ ಸೂಟ್‌ಕೇಸಿನಲ್ಲಿ ತಂದ ಯಂತ್ರಕ್ಕೆ ಪ್ರೀತಿಯ ಭರವಸೆ ಇದೆ, ಇಲ್ಲಿನ ವಾರಂಟಿ ಇರುತ್ತದೆಂದು ಮಾತ್ರ ಎಣಿಸುವಂತಿಲ್ಲ.

ಕಾಯಿದೆ ಬಹಳ ಕಾಲ ಈ ವ್ಯಾಪಾರದ ಕಡೆ ಕಣ್ಣೆತ್ತಿ ನೋಡಿರಲಿಲ್ಲ. 2017ರ ವೈದ್ಯಕೀಯ ಉಪಕರಣ ನಿಯಮಗಳ ನಂತರ, 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳನ್ನೂ ಔಷಧ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. 2022ರ ಸೆಪ್ಟೆಂಬರ್‌ನ ತಿದ್ದುಪಡಿಯಲ್ಲಿ ಇವನ್ನು ಮಾರುವವರಿಗೆ ಎಂಡಿ-42 ಎಂಬ ನೋಂದಣಿ ಪತ್ರದ ವ್ಯವಸ್ಥೆ ಬಂತು. ಔಷಧ ಮಾರಾಟದ ಲೈಸೆನ್ಸ್ ಮೊದಲೇ ಇರುವವರನ್ನು ಬಿಟ್ಟು ಉಳಿದವರು ಇದನ್ನು ಪಡೆಯಬೇಕು, ತಿಳಿದ ಸಿಬ್ಬಂದಿ ಇಟ್ಟುಕೊಳ್ಳಬೇಕು, ಕೊಂಡದ್ದಕ್ಕೂ ಮಾರಿದ್ದಕ್ಕೂ ದಾಖಲೆ ಇಡಬೇಕು. ಅಂಗಡಿಗೆ ಹೋದವರು ಆ ಪತ್ರ ತೋರಿಸಿ ಎಂದು ಕೇಳಿದರೆ ಅದು ಅವಮಾನದ ಮಾತಲ್ಲ. ಆಪ್ತನಾದವನು ಪರೀಕ್ಷೆಗೆ ಮುಖ ಸಿಂಡರಿಸುವುದಿಲ್ಲ. ಕೇಳಿದ್ದಕ್ಕೆ ಸಿಟ್ಟಾದವನು ತನ್ನ ಪರಿಚಯವನ್ನು ತಾನೇ ಕೊಟ್ಟಂತೆ.

ಇಷ್ಟರವರೆಗೆ ಕೊಳ್ಳುವವನು ಕೇಳುವವನು, ಮಾರುವವನು ಹೇಳುವವನು ಎಂದೇ ಎಣಿಸಿದ್ದಾಯಿತು. ವಾತ್ಸ್ಯಾಯನನ ಲಕ್ಷಣವನ್ನು ಮತ್ತೊಮ್ಮೆ ಓದಿದರೆ ಈ ಜಾಗಗಳು ಅದಲುಬದಲಾಗುವುದು ಕಾಣುತ್ತದೆ. ಒಂದು ವರ್ಷ ಯಂತ್ರ ಬಳಸಿದ ರೋಗಿ ಈಗ ನೇರವಾಗಿ ಕಂಡವನು. ಕೊಳವೆಯೊಳಗೆ ಕರಿ ಚೂರು ಕಂಡದ್ದು, ಮಾಸ್ಕಿನ ಅಂಚಿನಿಂದ ಚರ್ಮ ಕೆಂಪಾದದ್ದು, ನಡುರಾತ್ರಿ ಮೋಟಾರ್ ನಿಂತದ್ದು ಅವನಿಗೂ ಪಕ್ಕದಲ್ಲಿ ಮಲಗಿದವಳಿಗೂ ಗೊತ್ತು. ಅದನ್ನು ಕಂಡಂತೆ ಹೇಳುವ ಹೊಣೆ ಈಗ ಅವರದು. ಹೇಳಲು ಜಾಗವೂ ಇದೆ. 2015ರ ಜುಲೈಯಲ್ಲಿ ಶುರುವಾದ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಕಮಿಷನ್ನಿನಿಂದ ನಡೆಯುತ್ತದೆ. ವೈದ್ಯಕೀಯ ಉಪಕರಣಗಳಿಂದಾದ ತೊಂದರೆಗಳ ವರದಿಯನ್ನು ದೇಶದ ಹಲವು ವೈದ್ಯಕೀಯ ಕಾಲೇಜುಗಳಲ್ಲಿರುವ ಕೇಂದ್ರಗಳ ಮೂಲಕ ಸಂಗ್ರಹಿಸುತ್ತದೆ. ವೈದ್ಯರಲ್ಲದೆ ರೋಗಿಗಳೂ ಮನೆಯವರೂ ವರದಿ ಕೊಡಬಹುದು. ಇವರು ಬರೆದ ವರದಿಯಲ್ಲಿ ಯಂತ್ರದ ಮಾಡೆಲ್, ಸೀರಿಯಲ್ ನಂಬರ್, ತೊಂದರೆ ಕಂಡ ದಿನಾಂಕ ಸರಿಯಾಗಿ ಇದ್ದರೆ, ಅದೇ ಮಾಡೆಲಿನ ಯಂತ್ರ ಹಚ್ಚಿಕೊಂಡು ರಾಯಚೂರಿನಲ್ಲೋ ಕಾರವಾರದಲ್ಲೋ ಮಲಗಿರುವ ಗುರುತಿಲ್ಲದ ಮನುಷ್ಯನ ಪಾಲಿಗೆ ಆ ಕಾಗದವೇ ಆಪ್ತವಾಕ್ಯ.